ಕಾದ ಮೇಲೆ ಸೋಲುವ ಮಷಿನ್

ನೆಲ ಅಗೆಯುವ ಮಷಿನ್ನಿನ ಮಣ್ಣು ತುಂಬಿದ ಬಕೆಟ್ಟು ಅರ್ಧಕ್ಕೆ ಬಂದು ನಿಂತಿತು. ಸೀಟಿನಲ್ಲಿ ಕೂತ ಮಹಾಲಿಂಗ ಅದನ್ನು ನಡೆಸುವ ಕೋಲನ್ನು ಎಷ್ಟು ಜಗ್ಗಿದರೂ ಅಗೆಯುವ ತೋಳು ಮೇಲೇಳಲಿಲ್ಲ. ಎಂಜಿನ್ನು ಮಾತ್ರ ಅಬ್ಬರಿಸುತ್ತಲೇ ಇತ್ತು. ಆ ಅಬ್ಬರದೊಳಗೆ ಇನ್ನೊಂದು ಸಣ್ಣ ಸೀಳುದನಿ ಬೆರೆತಿರುವುದು, ಬುತ್ತಿ ತಂದು ಬದುವಿನ ಮೇಲೆ ಕೂತಿದ್ದ ಅವನ ಹೆಂಡತಿ ಅನುರಾಧಾಳ ಕಿವಿಗೆ ಬಿತ್ತು.

ಚಿಮ್ಮಡದ ಮಲಕಾಜಪ್ಪನ ಹೊಲದಲ್ಲಿ ನೆಲದಡಿಯ ನೀರಿನ ಪೈಪು ಒಡೆದಿತ್ತು. ಅದು ರಿಪೇರಿಯಾಗುವವರೆಗೆ ಅವನ ಅರಿಶಿನಕ್ಕೆ ನೀರಿಲ್ಲ. "ಮುಂಜಾನಿ ಹುಲಿಯಂಗ ಅಗದೈತಿ, ಈಗೇನಾತಪಾ?" ಎಂದು ಮಲಕಾಜಪ್ಪ ಗುಂಡಿಯ ಅಂಚಿಗೆ ಬಂದ. "ಹಿಂಗ ನಿಂತಕೋತ ಹೋದ್ರ ನಾ ಮುಧೋಳದಿಂದ ಬ್ಯಾರೆ ಮಷಿನ್ ಕರಸ್ತೇನಿ ನೋಡು."

ಬನಹಟ್ಟಿಯ ಮನೆಯಲ್ಲಿದ್ದ ಮಗ್ಗಗಳನ್ನು ಮಾರಿ ಈ ಹಳೇ ಮಷಿನ್ ಕೊಂಡವನು ಮಹಾಲಿಂಗ. ಅಂದಿನಿಂದ ಅನುರಾಧಾ ಇದರ ಬಗ್ಗೆ ಒಳ್ಳೆಯದು ಕೆಟ್ಟದ್ದು ಒಂದೂ ಆಡಿರಲಿಲ್ಲ. ಅದಕ್ಕಿಂತ ಬೈದಿದ್ದರೇ ಆಗುತ್ತಿತ್ತು ಎಂದು ಅವನಿಗೆ ಎಷ್ಟೋ ಸಲ ಅನ್ನಿಸಿತ್ತು.

ತೋಳನ್ನು ಮೆಲ್ಲಗೆ ನೆಲಕ್ಕಿಳಿಸಿ, ಎಂಜಿನ್ ಬಂದ್ ಮಾಡಿ, ಜಮಖಂಡಿಯ ಮೆಕ್ಯಾನಿಕ್ ರಾಜಕುಮಾರನಿಗೆ ಫೋನ್ ಹಚ್ಚಿದ.

"ಹಿಂದಿಂದಷ್ಟ ಅಲ್ಲ, ಮುಂದಿನ ಬಕೆಟ್ಟೂ ಏಳವಲ್ದೇನು?" ಎಂದು ರಾಜಕುಮಾರ ಕೇಳಿದ.

"ಎರಡೂ ಕೂಡೇ ಸೋತಾವು."

"ಹಂಗಾರ ಎರಡಕ್ಕೂ ಎಣ್ಣಿ ಒತ್ತೂ ಪಂಪ್ ಸವದಿರಬೇಕು. ಬಿಚ್ಚಿ ಕಳಿಸು, ನೋಡೂಣು."

ಪಂಪು ಬಿಚ್ಚಿದರೆ ಈ ಕೆಲಸ ಕೈತಪ್ಪಿದಂತೆಯೇ. ಮಹಾಲಿಂಗ ಕೆಳಗಿಳಿದು ಗಾಲಿಗೆ ಒರಗಿ ನಿಂತುಬಿಟ್ಟ. ಅನುರಾಧಾ ಎದ್ದು ಹತ್ತಿರ ಬಂದಳು.

"ರೀ, ಪಂಪ್ ಸವದಿದ್ರ ಮುಂಜಾನಿ ಹೆಂಗ ಎತ್ತತಿತ್ತು?"

ಅವನು ಬೆರಗಿನಿಂದ ತಿರುಗಿ ನೋಡಿದ. "ಕಾದ್ರ ಎಣ್ಣಿ ತೆಳ್ಳಗಾಗತೈತಿ. ಸವದ ಪಂಪಿಗೆ ಅದನ್ನ ಒತ್ತಾಕ ಆಗೂದಿಲ್ಲ."

"ಹಂಗಾರ ಆ ಸಿಳ್ಳಿ ಯಾಕ?"

"ಯಾವ ಸಿಳ್ಳಿ?"

"ನೀವು ಮ್ಯಾಲೆ ಕುಂತಿರ್ತೀರಿ, ನಿಮಗ ಕೇಳ್ಸೂದಿಲ್ಲ. ಜೋರ್ ಮಾಡಿದಾಗ ಕೆಳಗ ಎಲ್ಲೋ ಕುಂಯ್ ಅನ್ನತೈತಿ. ಚಾಲೂ ಮಾಡ್ರಿ, ಎಲ್ಲಿ ಅಂತ ನೋಡತೇನಿ."

"ಕೈ ಹಾಕಬ್ಯಾಡ, ದೂರ ನಿಂತು ನೋಡು," ಎನ್ನುತ್ತ ಅವನು ಮೇಲೆ ಹತ್ತಿದ. ಅನುರಾಧಾ ಸೆರಗು ಸಿಕ್ಕಿಸಿಕೊಂಡು ಬಗ್ಗಿ, ಮೊಬೈಲಿನ ಬೆಳಕು ಬಿಟ್ಟು ವಿಡಿಯೋ ಹಿಡಿಯತೊಡಗಿದಳು. ಎಂಜಿನ್ನಿನ ವೇಗ ಏರಿತು, ಸಿಳ್ಳೂ ಎದ್ದಿತು. ಎಣ್ಣೆಯ ಟ್ಯಾಂಕಿನಿಂದ ಹೊರಟ ದಪ್ಪ ರಬ್ಬರು ಪೈಪು ಅವಳ ಕಣ್ಣೆದುರೇ ಚಪ್ಪಟೆಯಾಗಿ ಒಳಗೆ ಜಗ್ಗಿಕೊಂಡಿತು. ವೇಗ ಇಳಿದೊಡನೆ ಮತ್ತೆ ಉಬ್ಬಿತು.

"ಮತ್ತೊಮ್ಮೆ ಮಾಡ್ರಿ!" ಎಂದು ಕೂಗಿದಳು. "ಇನ್ನೊಮ್ಮೆ!"

ಮಲಕಾಜಪ್ಪನೂ ಮಂಡಿಯೂರಿ ಇಣುಕಿದ. "ಏ ಇದು ಉಸಿರಾಡಾಕತ್ತೈತಲ್ಲೋ!"

ಅವಳು ಮೊಬೈಲಿನಲ್ಲಿ ಹಿಡಿದದ್ದನ್ನು ಮಹಾಲಿಂಗ ಎರಡೆರಡು ಸಲ ನೋಡಿದ. "ಪಂಪಿಗೆ ಎಣ್ಣಿ ಹೋಗೂ ಪೈಪಿದು. ಒಳಗ ತಂತಿ ಸುತ್ತಿದ್ದು ಹಾಕಬೇಕಿತ್ತು. ಮೊದಲಿನವರು ಸಾದಾದ್ದು ಹಾಕಿಬಿಟ್ಟಾರ. ಕಾದು ಮೆತ್ತಗಾದ ಕೂಡ್ಲೆ ಪಂಪ್ ಜಗ್ಗಿದಂಗೆಲ್ಲಾ ಬಾಯಿ ಮುಚ್ಚತೈತಿ."

"ಕಬ್ಬಿನ ಹಾಲಿಗೆ ಕೊಡೂ ಕಾಗದದ ನಳಿಕಿ ನೆನದು ಮುಚ್ಕೊಂಡಂಗ," ಎಂದಳು ಅನುರಾಧಾ.

ಮಹಾಲಿಂಗ ನಕ್ಕುಬಿಟ್ಟ.

ಎಣ್ಣೆ ಆರಿದ ಮೇಲೆ ಅದನ್ನು ಕ್ಯಾನಿಗೆ ಇಳಿಸಿ ಪೈಪು ಬಿಚ್ಚಿದರು. ಮಲಕಾಜಪ್ಪನ ಬೈಕಿನಲ್ಲಿ ಬನಹಟ್ಟಿಗೆ ಹೋಗಿ ಮಹಾಲಿಂಗ ತಂತಿಯ ಪೈಪು ತಂದು ಹಾಕಿದ. ಮತ್ತೆ ಅಗೆತ ಶುರುವಾಯಿತು. ಎಣ್ಣೆ ಕಾಯತೊಡಗಿದಾಗ ಅವನು ಎಂಜಿನ್ನಿನ ವೇಗ ಏರಿಸಿ ನೋಡಿದ. ಅನುರಾಧಾ ಕೆಳಗೆ ಕಿವಿಗೊಟ್ಟು ನಿಂತಳು. ತೋಳು ಇಳಿಯಿತು, ಬಕೆಟ್ಟು ತುಂಬಿಕೊಂಡಿತು, ಎದ್ದಿತು. ಸಿಳ್ಳಿರಲಿಲ್ಲ. ಬಿಸಿಲು ಇಳಿಯುವ ಹೊತ್ತಿಗೆ ಗುಂಡಿಯಲ್ಲಿ ಒಡೆದ ನೀರಿನ ಪೈಪು ಕಂಡಿತು, ಮಲಕಾಜಪ್ಪ ಪ್ಲಂಬರನನ್ನು ಕರೆತರಲು ಓಡಿದ.

"ಇನ್ನೇನರ ಕೇಳೂದೈತೇನು?" ಮಹಾಲಿಂಗ ಮೇಲಿನಿಂದ ಕೇಳಿದ.

"ಎತ್ತೂ ಕೋಲು ಯಾವುದು? ತಿರುಗಸೂದು ಯಾವುದು?"

ಅವನು ಸೀಟಿನಿಂದ ಎದ್ದು ಪಕ್ಕಕ್ಕೆ ಸರಿದ. ಅವಳು ಹತ್ತಿ ಕೂತು, ಅವನು ತೋರಿಸಿದ ಕೋಲನ್ನು ಮೆಲ್ಲಗೆ ಜಗ್ಗಿದಳು. ಹಸಿ ಮಣ್ಣು ಉದುರಿಸುತ್ತ ಬಕೆಟ್ಟು ಎದ್ದಿತು. ಅದರ ನೆರಳು ಅರಿಶಿನದ ಅಗಲ ಎಲೆಗಳ ಮೇಲೆ ಸಾವಕಾಶ ಹಾಯ್ದುಹೋಯಿತು.