ಪಟ್ಟಿಯಲ್ಲಿಲ್ಲದ ಹೆಸರು

ಬಸ್ ನಿಲ್ದಾಣದ ಎದುರಿನ ಅಂಗಡಿಯಲ್ಲಿ ಗಿರಗಿರನೆ ತಿರುಗುವ ಒಂದು ಸ್ಟ್ಯಾಂಡ್ ಇತ್ತು. ಅದರ ಕೊಕ್ಕೆಗಳಲ್ಲಿ ಹೆಸರು ಬರೆದ ಪಿಂಗಾಣಿ ಕಪ್ಪುಗಳು ಯಾರೋ ಕಿವಿ ಹಿಡಿದು ನಿಲ್ಲಿಸಿದ ಮಕ್ಕಳಂತೆ ನೇತಾಡುತ್ತಿದ್ದವು. ಶಾಲೆ ಬಿಟ್ಟ ಮೇಲೆ ಅಕ್ಕತಂಗಿಯರಿಬ್ಬರೂ ಅಲ್ಲಿ ನಿಲ್ಲದೆ ಮನೆಗೆ ಹೋದದ್ದೇ ಇಲ್ಲ. ತಂಗಿಗೆ ಹುಡುಕುವ ಕಷ್ಟವಿರಲಿಲ್ಲ. ಅವಳ ತರಗತಿಯೊಂದರಲ್ಲೇ ಅವಳ ಹೆಸರಿನವರು ನಾಲ್ವರಿದ್ದರು. ಸ್ಟ್ಯಾಂಡಿನಲ್ಲಿ ಎರಡು ಕೊಕ್ಕೆ ಆ ಹೆಸರಿಗೇ ಮೀಸಲು. ಅಕ್ಕ ಮಾತ್ರ ಕತ್ತು ಓರೆ ಮಾಡಿಕೊಂಡು ಮೇಲಿನ ಸಾಲಿನಿಂದ ಕೆಳಗಿನ ಸಾಲಿನವರೆಗೆ ಒಂದೊಂದನ್ನೂ ಓದಿ, ಕೊನೆಗೆ ಸ್ಟ್ಯಾಂಡನ್ನು ಜೋರಾಗಿ ಒಂದು ಸುತ್ತು ತಿರುಗಿಸಿ ಬಿಡುತ್ತಿದ್ದಳು.

"ಏಯ್, ಒಡೆದ್ರೆ ನಿಮ್ಮಪ್ಪ ಬಂದು ಅಂಟಿಸ್ತಾನಾ?" ಎಂದು ಅಂಗಡಿಯಾತ ಗದರುತ್ತಿದ್ದ.

"ನನ್ನ ಹೆಸರಿಂದು ಯಾಕೆ ತರ್ಸಲ್ಲ ನೀವು?"

"ಅಂಥ ಹೆಸರು ಇಡೋಕೆ ನಿಮ್ಮಪ್ಪನಿಗೆ ಯಾರು ಹೇಳಿದ್ರು? ನಾನಂತೂ ಹೇಳಿಲ್ಲ."

ತನ್ನ ಹೆಸರಿನ ಕಪ್ ಸಿಗುವ ತನಕ ಸ್ಟೀಲ್ ಲೋಟದಲ್ಲೇ ಟೀ ಕುಡಿಯುವುದು ಎಂದು ಅಕ್ಕ ಹಟ ಹಿಡಿದಳು. ಹಿಡಿದ ಹಟ ಬಿಡುವ ಪೈಕಿ ಅಲ್ಲ ಅವಳು. ಲೋಟ ಸುಡುತ್ತದೆಂದು ಲಂಗದ ಅಂಚಿನಲ್ಲಿ ಹಿಡಿದು ಉಫ್ ಉಫ್ ಎನ್ನುತ್ತಾ ಕುಡಿಯುತ್ತಿದ್ದಳು.

ಆ ಹೆಸರಾದರೂ ಎಲ್ಲಿಂದ ಬಂತು ಅಂತೀರಿ? ಅಪ್ಪ ನದಿ ದಾಟಿಸುವ ಲಾಂಚಿನಲ್ಲಿ ಟಿಕೆಟ್ ಹರಿಯುವ ಕೆಲಸದಲ್ಲಿದ್ದರು. ಲಾಂಚಿನ ಮೂತಿಯ ಮೇಲೆ ಬಿಳಿ ಬಣ್ಣದಲ್ಲಿ ಬರೆದಿದ್ದ ಹೆಸರು ಅದು. ಯಾವುದೋ ದೂರದ ರೇವಿನಿಂದ ಹಳೆಯ ಲಾಂಚನ್ನು ಕೊಂಡು ತಂದಾಗ ಹೆಸರೂ ಜೊತೆಗೇ ಬಂತು. ಅದು ಯಾವ ಪುಣ್ಯಾತ್ಗಿತ್ತಿಯ ಹೆಸರೋ, ಯಾರ ಮಗಳೋ, ಯಾರ ಹೆಂಡತಿಯೋ ಯಾರಿಗೂ ಗೊತ್ತಿಲ್ಲ. ಮೊದಲ ಮಗು ಹೆಣ್ಣು ಎಂಬ ಸುದ್ದಿ ಅಪ್ಪನಿಗೆ ಸಿಕ್ಕಿದ್ದು ನಡುನೀರಿನಲ್ಲಿ, ಎದುರಿಂದ ಬಂದ ಇನ್ನೊಂದು ದೋಣಿಯವರು ಕೂಗಿ ಹೇಳಿದಾಗ. ಪಾಳಿ ಮುಗಿಯುವ ತನಕ ತಡೆಯಲಾರದೆ, ಟಿಕೆಟ್ಟೊಂದರ ಬೆನ್ನಿಗೆ ಆ ಹೆಸರು ಬರೆದು, ದಡ ಸೇರಿದ ಪ್ರಯಾಣಿಕನೊಬ್ಬನ ಕೈಯಲ್ಲಿ ಅಮ್ಮನಿಗೆ ಕಳಿಸಿಬಿಟ್ಟರು. "ಅವರಿಗೆ ಬೇರೆ ಏನೂ ಹೊಳೀಲಿಲ್ಲ, ಅಷ್ಟೇ" ಎಂದು ಅಮ್ಮ ನಗುತ್ತಿದ್ದರು. "ಹನ್ನೊಂದು ವರ್ಷದಲ್ಲಿ ಒಂದು ದಿನಾನೂ ನಡುನೀರಲ್ಲಿ ಕೈಕೊಟ್ಟಿಲ್ಲ ಅದು. ಯಾರ ಹೆಸರಿಡಲಿ ಮತ್ತೆ?" ಎಂದು ಅಪ್ಪ. ಅಪ್ಪನ ಅಕ್ಕ, ಸೋದರತ್ತೆ, ತೊಟ್ಟಿಲು ತೂಗುತ್ತಲೇ ಮೂತಿ ತಿರುವಿದ್ದರಂತೆ: "ದೋಣಿ ಹೆಸರಿಟ್ಟಿದ್ದೀಯ. ಒಂದಿನ ತೇಲ್ಕೊಂಡು ಹೋಗ್ತಾಳೆ ನೋಡು."

ಅತ್ತೆಯ ಬಾಯಿ ಹರಕೆಯೋ ಏನೋ, ನಾಲ್ಕು ವರ್ಷದ ಹಿಂದೆ ಅಕ್ಕ ಹೋದಳು. ಅಪ್ಪ ಮಾತು ಕೊಟ್ಟಿದ್ದ ಸಂಬಂಧವನ್ನು ಗಂಡಿನ ಕಡೆಯವರ ಎದುರೇ ಒಲ್ಲೆ ಎಂದಳು. ಅಪ್ಪ ಆವತ್ತು ನಡುಮನೆಯಲ್ಲಿ ನಿಂತು, "ಇನ್ಮೇಲೆ ಈ ಮನೇಲಿ ಆ ಹೆಸರು ಯಾರೂ ಎತ್ತಬಾರದು" ಎಂದರು. ಬೆಳಗಾಗುವಾಗ ಅವಳ ಚೀಲ ಇರಲಿಲ್ಲ. ಸ್ಟೀಲ್ ಲೋಟ ತೊಳೆದು ಬೋರಲು ಹಾಕಿತ್ತು. ವರ್ಷದ ಮೇಲೆ ಒಂದು ಕಾರ್ಡು ಬಂತು: "ಚೆನ್ನಾಗಿದ್ದೀನಿ." ಎಲ್ಲಿಂದ ಎಂದು ಇರಲಿಲ್ಲ, ಅಂಚೆಯ ಮುದ್ರೆ ಮಸಿಯ ಕಲೆಯಾಗಿತ್ತು.

ಆಮೇಲೆ ನದಿಗೆ ಸೇತುವೆ ಬಂತು. ಲಾಂಚನ್ನು ಗುಜರಿಗೆ ಹಾಕಿದರು. ಸೇತುವೆಯ ರಸ್ತೆಗೆಂದು ದಡದ ಮನೆಗಳೆಲ್ಲ ನೆಲಸಮವಾಗಿ, ನೆರೆಹೊರೆಯವರು ಒಬ್ಬೊಬ್ಬರು ಒಂದೊಂದು ದಿಕ್ಕಾದರು. ಅಪ್ಪನಿಗೆ ಊರಾಚೆ ನೀರಿನ ಟ್ಯಾಂಕಿನ ಪಂಪು ನೋಡಿಕೊಳ್ಳುವ ಕೆಲಸ ಸಿಕ್ಕಿ, ಸಂಸಾರ ಟ್ಯಾಂಕಿನೆದುರಿನ ಎರಡು ಕೋಣೆಯ ಮನೆಗೆ ಬಂತು. ಅಂದರೆ, ಅಕ್ಕ ಒಂದು ದಿನ ಮನಸ್ಸು ಕರಗಿ ಬಂದಳೇ ಎನ್ನಿ, ಅವಳು ಬಂದು ನಿಲ್ಲುವುದು ಡಾಂಬರಿನ ಮೇಲೆ. ತಂಗಿಗೆ ಊಟ ಸೇರದಂತೆ ಮಾಡುತ್ತಿದ್ದ ಯೋಚನೆ ಅದೊಂದೇ. ಮನೆಯಲ್ಲಿ ಅವಳನ್ನು ಈಗಲೂ ಚಿಕ್ಕವಳು ಎಂದೇ ಕರೆಯುತ್ತಿದ್ದರು. ದೊಡ್ಡವಳು ಎಂಬುವಳೊಬ್ಬಳು ಇದ್ದಳು ಎಂಬುದಕ್ಕೆ ಆ ಮನೆಯಲ್ಲಿ ಉಳಿದ ಸಾಕ್ಷಿ ಅಷ್ಟೇ.

ಚಿಕ್ಕವಳು ಪದವಿ ಮುಗಿಸಿ ಸೇರಿಕೊಂಡದ್ದು ಅದೇ ಪಿಂಗಾಣಿ ಕಪ್ಪುಗಳ ಕಾರ್ಖಾನೆಗೆ. ಉದ್ದನೆಯ ಬೆಂಚಿನ ಮೇಲೆ ಕೂತು, ಅಳಿಲಿನ ಬಾಲದಷ್ಟು ಮೃದುವಾದ ಕುಂಚದಿಂದ, ನೀಲಿ ಬಣ್ಣದಲ್ಲಿ ಹೆಸರು ಬರೆಯುವ ಕೆಲಸ. ಯಜಮಾನರು ವರ್ಷಕ್ಕೊಮ್ಮೆ ನೂರೈವತ್ತು ಹೆಸರುಗಳ ಪಟ್ಟಿ ತರುತ್ತಿದ್ದರು. ಶಾಲೆಗಳ ಹಾಜರಿ, ಹೆರಿಗೆ ಆಸ್ಪತ್ರೆಯವರ ಮಾತು, ಅಂಗಡಿಗಳಿಂದ ಮಾರಾಟವಾಗದೆ ವಾಪಸು ಬಂದ ಮಾಲು, ಎಲ್ಲ ನೋಡಿ ಮಾಡಿದ ಪಟ್ಟಿ. ಒಂದು ಹೆಸರಿಗೆ ಒಂದು ಹಲಗೆ, ಒಂದು ಹಲಗೆಗೆ ಹನ್ನೆರಡು ಕಪ್. ಅದಕ್ಕಿಂತ ಕಡಿಮೆ ಇದ್ದರೆ ಕಪ್ ಸುಡುವ ಗೂಡಿಗೆ ಹೋಗುವುದಿಲ್ಲ. ಒಂದು ಕಾಲಕ್ಕೆ ಮೂರು ಮೂರು ಹಲಗೆ ಬೇಡುತ್ತಿದ್ದ ಹೆಸರು ನೋಡನೋಡುತ್ತಿದ್ದಂತೆ ಅಜ್ಜಿಯರ ಹೆಸರಾಗಿ ಪಟ್ಟಿಯಿಂದ ಉದುರುತ್ತಿತ್ತು.

"ನನ್ನ ಹೆಸರು ಬಿದ್ದು ಹತ್ತು ವರ್ಷ ಆಯ್ತು. ನಾನಿನ್ನೂ ಬಿದ್ದಿಲ್ಲ" ಎನ್ನುತ್ತಿದ್ದಳು ಪಕ್ಕದ ಸ್ಟೂಲಿನ ಕನ್ನಡಕದಕ್ಕ. ದಪ್ಪ ಗಾಜಿನ ಹಿಂದೆ ಅವಳ ಕಣ್ಣುಗಳು ಮೀನಿನ ಹಾಗೆ ತೇಲುತ್ತಿದ್ದವು.

ಒಂದು ಸೋಮವಾರ ಯಾವುದೋ ಅಂಗಡಿಯವರು ಹೇಳಿದ್ದ ಹೆಸರನ್ನು ಕೊನೆ ಗಳಿಗೆಯಲ್ಲಿ ಬೇಡವೆಂದರು. ಹನ್ನೆರಡು ಕಪ್ಪಿನ ಒಂದು ಹಲಗೆ ಬೋಳಾಗಿ ಉಳಿಯಿತು. "ಹೂವು ಗೀವು ಬರೆದುಬಿಡು" ಎಂದು ಹೇಳಿ ಕನ್ನಡಕದಕ್ಕ ಊಟಕ್ಕೆ ಎದ್ದಳು. ಚಿಕ್ಕವಳು ಕುಂಚ ಅದ್ದಿದಳು. ಹೂವು ಬರೆಯುವವಳೇ ಇದ್ದಳು. ಆದರೆ ಕೈ ತನಗೆ ಬೇಕಾದ ಕಡೆ ಹೋಯಿತು. ಮೊದಲನೆಯ ಕಪ್ಪಿನಲ್ಲಿ ಅಕ್ಷರ ಸೊಟ್ಟಗಾಯಿತು; ಐದನೆಯದರಲ್ಲಿ ನೆಟ್ಟಗಾಯಿತು; ಹನ್ನೆರಡನೆಯದು ಬರೆದು ಮುಗಿದಾಗ ನಾಲ್ಕು ವರ್ಷ ಬಾಯಲ್ಲಿ ಕಟ್ಟಿಟ್ಟಿದ್ದೇನನ್ನೋ ಉಗುಳಿದಷ್ಟು ಹಗುರವಾಗಿತ್ತು.

ಹಲಗೆ ಎತ್ತಿಕೊಳ್ಳಲು ಬಂದ ಗೂಡಿನಜ್ಜ ಓದಿದ. ಬೆಂಕಿಯ ಮುಂದೆ ಮೂವತ್ತು ವರ್ಷ ನಿಂತು ಹುಬ್ಬು ಕಳೆದುಕೊಂಡಿದ್ದ ಮನುಷ್ಯ.

"ಇದು ಪಟ್ಟೀಲಿ ಇದೆಯೇನವ್ವ?"

ಅವಳು ಕುಂಚ ತೊಳೆಯತೊಡಗಿದಳು.

"ಈಗಾದ್ರೆ ಒದ್ದೆ ಬಟ್ಟೆ ಸಾಕು. ಒಳಗೆ ಹೋಗಿ ಬಂದ್ಮೇಲೆ ಒರೆಸಿದ್ರೂ ಹೋಗಲ್ಲ."

"ಗೊತ್ತು ಅಜ್ಜ."

"ಗೊತ್ತಿದ್ರೆ ಸರಿ" ಎಂದು ಹಲಗೆಯನ್ನು ಹೆಗಲಿಗೇರಿಸಿಕೊಂಡು ಹೋದ.

ಹನ್ನೆರಡರಲ್ಲಿ ಒಂದನ್ನೂ ಅವಳು ಇಟ್ಟುಕೊಳ್ಳಲಿಲ್ಲ. ಆಸೆಯಾಗದೆ ಇರಲಿಲ್ಲ. ಆದರೆ ಅಕ್ಕ ಯಾವ ಊರಿನಲ್ಲಿದ್ದಾಳೋ, ಅಂಥ ಸ್ಟ್ಯಾಂಡ್ ಕಂಡರೆ ತಿರುಗಿಸದೆ ಮುಂದೆ ಹೋಗುವವಳಲ್ಲ. ಒಂದು ಕಪ್ ಇಲ್ಲಿ ಉಳಿದರೆ ಒಂದು ಊರು ಕಡಿಮೆಯಾದಂತೆ. ಕಪ್ಪುಗಳು ಬೇರೆ ಬೇರೆ ಡಬ್ಬಗಳಲ್ಲಿ, ಬೇರೆ ಬೇರೆ ಊರುಗಳಿಗೆ ಹೋದವು. ಅಮ್ಮ ಸಾರು ಬಡಿಸುವಾಗ, ಅಪ್ಪ ಪಂಪಿನ ಎಣ್ಣೆ ಕೈ ಒರೆಸಿಕೊಳ್ಳುವಾಗ, ಅವಳು ಮನಸ್ಸಿನಲ್ಲೇ ಆ ಡಬ್ಬಗಳ ಹಿಂದೆ ಬಸ್ಸು ಹತ್ತಿ ಹೋಗುತ್ತಿದ್ದಳು.

ಐದು ತಿಂಗಳಿಗೆ ವಾಪಸಾತಿ ಶುರುವಾಯಿತು. ವಾಪಸು ಬಂದ ಡಬ್ಬಗಳ ಹುಲ್ಲು ಸರಿಸಿದಾಗ ಅಕ್ಕನ ಹೆಸರು ಒಂದು, ಎರಡು, ಮೂರು, ನಾಲ್ಕು. ಪ್ರತಿಯೊಂದು ಸಲವೂ ಯಾರೋ ಬಾಗಿಲು ಮುಚ್ಚಿದಂತಾಯಿತು. ಆರನೆಯ ತಿಂಗಳು ಯಜಮಾನರು ಕಾಗದವೊಂದನ್ನು ಹಿಡಿದು ಬೆಂಚಿನ ತನಕ ಬಂದರು.

"ಯಾರಮ್ಮ ಇದು, ಈ ಹೆಸರು ಹಾಕಿದ್ದು?"

ಕನ್ನಡಕದಕ್ಕ ಕೆಮ್ಮಿದಳು. ಚಿಕ್ಕವಳು ಎದ್ದು ನಿಂತಳು. ನಿಂತದ್ದೇ ತಪ್ಪೊಪ್ಪಿಗೆ.

"ಒಂದೇ ಒಂದು ಅಂಗಡಿ. ಆಸ್ಪತ್ರೆ ಎದುರಿಂದು. ಎರಡು ಕಳಿಸಿದ್ವಿ, ಎರಡೂ ಹೋದುವಂತೆ. ಈಗ ಆರು ಬೇಕಂತೆ. ನನ್ನ ಪಟ್ಟೀಲಿರೋ ಹೆಸರಿಗೇ ಗತಿ ಇಲ್ಲ, ಇದಕ್ಕೆ ಆರು." ಅವರು ತಲೆ ಕೆರೆದುಕೊಂಡರು. "ಇನ್ಮೇಲೆ ಕೇಳಿ ಬರಿ. ಈ ಆರು ಮಾತ್ರ ಬೇಗ ಬರಿ."

ಅವಳು ಬರೆಯುವುದಕ್ಕೆ ಮೊದಲು ಆ ಅಂಗಡಿಯ ಊರಿಗೆ ಹೋದಳು. ರಜೆಯ ದಿನ, ಮನೆಯಲ್ಲಿ ಗೆಳತಿಯ ನೆಪ ಹೇಳಿ, ಮೂರು ಗಂಟೆ ಬಸ್ಸಿನಲ್ಲಿ. ವಾಪಸು ಬಂದಿದ್ದ ಕಪ್ಪೊಂದನ್ನು ಚೀಲದಲ್ಲಿಟ್ಟುಕೊಂಡಿದ್ದಳು. ಆರು ಕಪ್ ಯಾರಿಗೆ ಬೇಕು? ಒಬ್ಬಳೇ ಒಬ್ಬಳಿಗೆ. ಅಂಗಡಿಗೆ ಹೋಗಿ ನಿಂತರೆ, ಆಕೆ ಒಳಗಿನಿಂದ ಕೈ ಒರೆಸಿಕೊಳ್ಳುತ್ತಾ ಬಂದು, "ಏನೇ, ಎಷ್ಟು ಹೊತ್ತು?" ಎಂದಂತೆ ದಾರಿಯುದ್ದಕ್ಕೂ ಕೇಳಿಸುತ್ತಿತ್ತು.

ಅಂಗಡಿಯಲ್ಲಿ ಕೂತಿದ್ದವಳು ಐವತ್ತು ದಾಟಿದ, ಬಾಯಿ ಬಿಟ್ಟರೆ ಮುಚ್ಚದ ಹೆಂಗಸು. ಚಿಕ್ಕವಳು ಚೀಲದಿಂದ ಕಪ್ ತೆಗೆದು ತೋರಿಸಿದಳು.

"ಅಯ್ಯೋ ಆ ಕಪ್ಪಾ? ಅದಕ್ಕೆ ಒದ್ದಾಟ ಕಣಮ್ಮ ಇಲ್ಲಿ. ನಮ್ಮ ಟೈಲರಮ್ಮ ಮಗೂಗೆ ಆ ಹೆಸರಿಟ್ಳು. ಅವಳದ್ದು ಕೇಳಿ ಅವಳ ನಾದಿನಿ. ನಾದಿನಿದು ಕೇಳಿ ಆಸ್ಪತ್ರೇಲಿ ಪಕ್ಕದ ಮಂಚದವಳು. ಮೂರು ಕೂಸು ಈಗ. ಇನ್ನೂ ಇಬ್ಬರು ತುಂಬಿದ ಬಸುರಿಯರು ಗಂಡಾದ್ರೆ ಏನ್ಮಾಡೋದು ಅಂತ ಕೂತಿದ್ದಾರೆ."

ಆರು ಕಪ್ ಕೂಸುಗಳಿಗೆ. ಮೂರು ಗಂಟೆಯ ದಾರಿಯಲ್ಲಿ ಹೊತ್ತು ತಂದದ್ದೆಲ್ಲ ಅಲ್ಲೇ ಕೌಂಟರಿನ ಮೇಲೆ ಕುಸಿಯಿತು. ಅಷ್ಟರಲ್ಲಿ ಪಕ್ಕದ ಹೊಲಿಗೆ ಅಂಗಡಿಯಿಂದ ಮಗುವಿನ ಅಳು ಕೇಳಿತು. ಅಳುವಿನ ಹಿಂದೆಯೇ ಒಂದು ಹೆಣ್ಣು ದನಿ ರಾಗವಾಗಿ ಆ ಹೆಸರು ಹಿಡಿದು ಕರೆಯಿತು. ನಾಲ್ಕು ವರ್ಷದ ಮೇಲೆ ಕಿವಿಗೆ ಬಿದ್ದ ಹೆಸರು. ಅವಳು ಅಂಗಡಿಯವಳಿಗೆ ಹೇಳದೆ ಆ ದನಿಯ ಹಿಂದೆ ನಡೆದುಬಿಟ್ಟಳು.

ಟೈಲರಮ್ಮ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡು, ಒಂದು ಕಾಲಿನಿಂದ ಮಿಷನ್ನಿನ ಪೆಡಲನ್ನು ಸುಮ್ಮನೆ ತುಳಿಯುತ್ತಿದ್ದಳು. ಆ ಸದ್ದಿಗೇ ಅದು ನಿದ್ದೆ ಹೋಗುವುದಂತೆ.

"ಈ ಹೆಸರು ಯಾಕಿಟ್ರಿ?" ಚಿಕ್ಕವಳು ಕೇಳಿದಳು. "ಕಪ್ಪಲ್ಲಿ ನೋಡಿ?"

"ಕಪ್ಪಲ್ಲಿ ನೋಡಿದ್ದು ನಾನಲ್ಲ, ಬೇರೆ ಒಬ್ಬಳು. ಆವತ್ತು ಚೆಕಪ್ಪಿಗೆ ಚೀಟಿ ಹಿಡಿದು ಈ ಪಕ್ಕದ ಅಂಗಡೀಲಿ ನಿಂತಿದ್ದೆ. ಅವಳು ಸ್ಟ್ಯಾಂಡ್ ತಿರುಗಿಸ್ತಾ ತಿರುಗಿಸ್ತಾ ಇದ್ದೋಳು ಗಕ್ಕಂತ ನಿಂತುಬಿಟ್ಳು. ನಗ್ತಾ ಇದ್ದಾಳೋ ಅಳ್ತಾ ಇದ್ದಾಳೋ ಗೊತ್ತಾಗ್ಲಿಲ್ಲ. ಏನಮ್ಮ ಅಂದೆ. ನನ್ನ ಹೆಸರು ಅಂದ್ಳು. ಚೆನ್ನಾಗಿದೆಯಲ್ಲ, ಯಾರಿಟ್ಟಿದ್ದು ಅಂದೆ. ಅದೊಂದು ಲಾಂಚಿನ ಹೆಸರಂತೆ, ಅವರಪ್ಪ ಟಿಕೆಟ್ಟಿನ ಬೆನ್ನಲ್ಲಿ ಬರೆದು ಮನೆಗೆ ಕಳಿಸಿದ್ರಂತೆ." ಟೈಲರಮ್ಮ ಮಗುವಿನ ಹಣೆಯ ಮೇಲಿನ ಕೂದಲು ಸರಿಸಿದಳು. "ನಮ್ಮಪ್ಪಂಗೆ ನಾನು ಹುಟ್ಟಿದ ದಿನಾನೂ ನೆನಪಿಲ್ಲ. ಅಷ್ಟು ಆತುರ ಪಟ್ಟು ಇಟ್ಟ ಹೆಸರು ನನ್ನ ಮಗೂಗೂ ಇರಲಿ ಅಂತ ಆಗ್ಲೇ ತೀರ್ಮಾನ ಮಾಡ್ದೆ."

ಪೆಡಲು ಟಕಟಕ ಅನ್ನುತ್ತಿತ್ತು. ಚಿಕ್ಕವಳು ಒಂದು ಹೆಜ್ಜೆ ಒಳಗೆ ಬಂದಳು.

"ಆಕೆ ಎಲ್ಲಿರೋದು?"

"ಯಾರಿಗೆ ಗೊತ್ತು. ಬಸ್ಸಿಗೆ ಹೊರಟಿದ್ಳು. ಎರಡು ಕಪ್ಪಿತ್ತು, ಒಂದು ತಗೊಂಡ್ಳು. ಇನ್ನೊಂದು ನೀವು ತಗೊಳ್ಳಿ ಅಂತ ನನ್ನ ಕೈಗೆ ಕೊಟ್ಳು. ಕಪ್ಪಿನ ಅಡಿ ತಿರುಗಿಸಿ ತಿರುಗಿಸಿ ನೋಡಿದ್ಳು, ಯಾವೂರಿಂದು ಅಂತ. ಅಲ್ಲಿ ಒಂದು ಹಕ್ಕಿ ಚಿತ್ರ ಬಿಟ್ರೆ ಏನಿದೆ? ಮತ್ತೆ ಬಂದಾಗ ಮಗೂನ ನೋಡ್ತೀನಿ ಅಂದಿದ್ಳು. ಬರ್ತಾಳೋ ಏನೋ. ನೀವು ಅವಳಿಗೆ ಏನಾಗ್ಬೇಕು?"

"ಚಿಕ್ಕವಳು" ಎಂದಳು ಅವಳು.

ಮರುದಿನ ಬೆಳಿಗ್ಗೆ, ಅಪ್ಪ ಪಂಪು ಶುರು ಮಾಡಿ ಟೀಗೆ ಬಂದಾಗ, ಕಟ್ಟೆಯ ಮೇಲೆ ಆ ಕಪ್ ಇತ್ತು. ಅಮ್ಮ ನೋಡಿ ಸೆರಗು ಬಾಯಿಗೆ ಒತ್ತಿಕೊಂಡು ಒಲೆಯ ಕಡೆ ತಿರುಗಿ ನಿಂತಿದ್ದರು. ಅಪ್ಪ ಕಪ್ಪನ್ನು ಎತ್ತಲಿಲ್ಲ. ಕನ್ನಡಕ ಹುಡುಕಿ ಹಾಕಿಕೊಂಡು ಓದಿದರು. ಓದಲು ಕನ್ನಡಕ ಬೇಕಾದಷ್ಟು ಸಣ್ಣ ಅಕ್ಷರವಾಗಿರಲಿಲ್ಲ.

ಚಿಕ್ಕವಳು ಹೇಳತೊಡಗಿದಳು. ಇಷ್ಟು ಉದ್ದದ ಮಾತನ್ನು ಅವಳು ಆ ಮನೆಯಲ್ಲಿ ಎಂದೂ ಆಡಿರಲಿಲ್ಲ. ನಡುನಡುವೆ ಉಸಿರು ಸಾಲದೆ ನಿಂತು ನಿಂತು ಹೇಳಿದಳು. ಹಲಗೆ, ಗೂಡು, ಆಸ್ಪತ್ರೆಯೆದುರಿನ ಅಂಗಡಿ, ಮೂರು ಕೂಸು, ಟಿಕೆಟ್ಟಿನ ಬೆನ್ನು.

"ಟಿಕೆಟ್ಟಿನ ವಿಷಯ ಹೇಳಿದ್ಳಾ ಅವಳು?" ಅಪ್ಪ ಕೇಳಿದರು.

"ಹೇಳಿದ್ಳಂತೆ."

"ಪರಸ್ಥಳದಲ್ಲಿ, ಯಾರೋ ಗುರುತಿಲ್ಲದವರ ಹತ್ರ."

"ಹೂಂ."

ಅಪ್ಪ ಟೀ ಕುಡಿಯದೆ ಎದ್ದು ಹೊರಗೆ ಹೋದರು. ಪಂಪಿನ ಸದ್ದು ನಿಂತಿತು, ಸ್ವಲ್ಪ ಹೊತ್ತಿಗೆ ಮತ್ತೆ ಶುರುವಾಯಿತು. ಅಮ್ಮ ಆರಿದ ಟೀಯನ್ನು ಬಿಸಿ ಮಾಡಿದರು; ಅದು ಮತ್ತೆ ಆರಿತು. ಚಿಕ್ಕವಳು ಕೆಲಸಕ್ಕೆ ಹೊರಟು ಚಪ್ಪಲಿ ಮೆಟ್ಟುತ್ತಿದ್ದಾಗ ಅಪ್ಪ ಟ್ಯಾಂಕಿನ ನೆರಳಿನಲ್ಲಿ ನಿಂತು ಕೇಳಿದರು:

"ಆರು ಕಪ್ ಅಂದ್ಯಲ್ಲ. ಬರೆದಾಯ್ತಾ?"

"ಇವತ್ತು ಬರೀಬೇಕು."

"ಅಡೀಲಿ ಜಾಗ ಇರುತ್ತಾ?"

"ಸ್ವಲ್ಪ ಇರುತ್ತೆ."

ಅಪ್ಪ ಜೇಬಿನಿಂದ ಮಡಚಿದ ಚೀಟಿ ತೆಗೆದು ಕೊಟ್ಟರು. ಪಂಪ್‌ಮನೆಯ ಪುಸ್ತಕದಿಂದ ಹರಿದ ಹಾಳೆಯ ಬೆನ್ನಿಗೆ ಬರೆದ ಮನೆಯ ವಿಳಾಸ. "ನೀರಿನ ಟ್ಯಾಂಕಿನೆದುರು ಅಂತ ಹಾಕೋದು ಮರೀಬೇಡ. ಇಲ್ದಿದ್ರೆ ಹುಡುಕೋಕೆ ಕಷ್ಟ ಆಗುತ್ತೆ..." ಎಂದು ತಡೆದು, ನೀರು ಬಿಡುವ ಗಾಲಿಯ ಮೇಲೆ ಕೈಯಿಟ್ಟುಕೊಂಡು, ತಾವೇ ಎತ್ತಬಾರದೆಂದಿದ್ದ ಆ ಹೆಸರನ್ನು ಹೇಳಿ ಮಾತು ಮುಗಿಸಿದರು.

ಯಜಮಾನರನ್ನು ಈ ಸಲ ಅವಳು ಕೇಳಿಯೇ ಬರೆದಳು. ಕಪ್ಪಿನ ಅಡಿಯಲ್ಲಿ ಕಾರ್ಖಾನೆಯ ಗುರುತಿನ ಹಕ್ಕಿಯ ಸುತ್ತ ಎಷ್ಟು ಜಾಗವಿದ್ದೀತು? ವಿಳಾಸದ ಅಕ್ಷರಗಳು ಇರುವೆ ಸಾಲಾದವು.

"ಆ ಊರಿನ ಬಾಣಂತಿಯರೆಲ್ಲ ಸಾಲುಗಟ್ಟಿ ನಿಮ್ಮನೇಗೆ ಟೀಗೆ ಬಂದ್ರೆ?" ಎಂದ ಗೂಡಿನಜ್ಜ, ಬೂದು ಕಣ್ಣು ಕಿರಿದು ಮಾಡಿ ಓದುತ್ತಾ.

"ಬರಲಿ ಅಜ್ಜ. ಅವರ ಜೊತೆ ಅವಳೂ ಬರಲಿ."

ಮೂರನೆಯ ದಿನ ಗೂಡಿನಿಂದ ಬಂದ ಆರನ್ನೂ ಅವಳೇ ಡಬ್ಬಕ್ಕೆ ಹಾಕಿದಳು. ಕಪ್ಪುಗಳನ್ನು ಬೋರಲು ಹಾಕಿ ಹುಲ್ಲು ತುಂಬುವುದು ಕಾರ್ಖಾನೆಯ ಕ್ರಮ. ಡಬ್ಬ ಬಿಚ್ಚಿದವರಿಗೆ ಮೊದಲು ಕಾಣುವುದು ಅಡಿಯೇ.