ಅಂಜಲೈ ಎರಡು ಸಲ ಮುಳುಗಿದ ಚಿತ್ರ

ಹೊಸ ‘ಅಣೆಕಟ್ಟು’ ಚಿತ್ರ ಚೆನ್ನಾಗಿಲ್ಲ ಎಂಬ ಸುದ್ದಿ ಶುಕ್ರವಾರ ಬೆಳಗಿನ ಆಟ ಮುಗಿಯುವ ಮೊದಲೇ ಸ್ಟುಡಿಯೋಗಳಿರುವ ವಡಪಳನಿಯ ಟೀ ಅಂಗಡಿಗೆ ಬಂದು ಮುಟ್ಟಿತ್ತು. ಹಳೆಯ ಚಿತ್ರವನ್ನು ಹಾಳು ಮಾಡಲೆಂದೇ ಮತ್ತೆ ತೆಗೆದಿದ್ದಾರೆ ಎಂದು ಒಬ್ಬ ಹೇಳಿದ. ಅರ್ಧಕ್ಕೇ ಎದ್ದು ಬಂದೆ ಎಂದು ಇನ್ನೊಬ್ಬ ಹೆಮ್ಮೆಯಿಂದ ಹೇಳಿಕೊಂಡ. ನಾವು ಯಾರೂ ತಲೆ ಕೆಡಿಸಿಕೊಳ್ಳಲಿಲ್ಲ.

ನಾವು ಎಂದರೆ ಗುಂಪಿನ ಜನ. ಸಿನಿಮಾದಲ್ಲಿ ಸಂತೆ ಇದ್ದರೆ ತರಕಾರಿ ಆರಿಸುವವರು, ಕೋರ್ಟು ಇದ್ದರೆ ಹಿಂದಿನ ಬೆಂಚಿನಲ್ಲಿ ಕೂರುವವರು, ಪ್ರವಾಹ ಬಂದರೆ ಎಲ್ಲರಿಗಿಂತ ಮೊದಲು ಸಾಯುವವರು. ಕಂಪನಿಯವರು ಇಷ್ಟು ಜನ ಬೇಕು ಎಂದರೆ ಅಷ್ಟು ಜನರನ್ನು ವ್ಯಾನಿಗೆ ಹತ್ತಿಸಿ ಕಳಿಸುವ ಕೆಲಸ ನನ್ನದು. ಎಲ್ಲರೂ ನನ್ನನ್ನು ಏಜೆಂಟಕ್ಕ ಎನ್ನುತ್ತಾರೆ. ಚಿತ್ರ ಗೆಲ್ಲುವುದು ಸೋಲುವುದು ಹೀರೋನ ಚಿಂತೆ. ಅದರಲ್ಲಿ ನಾವು ಕಾಣುತ್ತೇವೋ ಇಲ್ಲವೋ ಎಂಬುದಷ್ಟೇ ನಮ್ಮ ಚಿಂತೆ.

ಆ ಶುಕ್ರವಾರ ಮಾತ್ರ ಇನ್ನೂ ಒಂದು ಚಿಂತೆ ಸೇರಿಕೊಂಡಿತ್ತು. ನಮ್ಮ ಅಂಜಲೈಯ ಮಗಳು ತೇನ್‌ಮೊಳಿಯೂ ಲಿಫ್ಟ್ ರಿಪೇರಿ ಮಾಡುವ ಕದಿರವನ್ ಎಂಬ ಹುಡುಗನೂ ಒಬ್ಬರನ್ನೊಬ್ಬರು ಮೆಚ್ಚಿದ್ದರು. ಹುಡುಗನ ತಾಯಿ ಪೇಚ್ಚಿಯಮ್ಮಾಳ್ ಸೈದಾಪೇಟೆಯಲ್ಲಿ ದೋಸೆ ಹಿಟ್ಟು ರುಬ್ಬಿ ಮಾರುವವರು. ಸಿನಿಮಾ ಹೆಂಗಸಿನ ಮನೆಯ ಹುಡುಗಿ ಬೇಡ, ಗುಂಪಿನಲ್ಲಿ ಯಾರ‍್ಯಾರ ಜೊತೆಯೋ ನಿಂತು ಬರುವವಳ ಮನೆಗೆ ನಾನು ಹೆಣ್ಣು ಕೇಳಲು ಹೋಗುವುದಿಲ್ಲ ಎಂದುಬಿಟ್ಟಿದ್ದರು. ಅಂಜಲೈಗೆ ರೋಷ ಬಂತು. ನಾನು ಬರೀ ಗುಂಪಿನವಳಲ್ಲ, ಹೊಸ ಅಣೆಕಟ್ಟಿನಲ್ಲಿ ನನಗೇ ಅಂತ ಒಂದು ದೃಶ್ಯ ಇದೆ, ಸೇತುವೆ ಮೇಲೆ ಹೀರೋ ಕೈಗೆ ಮಗುವನ್ನು ಕೊಡುವವಳು ನಾನೇ, ಬಂದು ನೋಡಿ ಆಮೇಲೆ ಮಾತಾಡಿ ಎಂದಳು. ಅದು ನಿಜವೇ. ಅವಳು ಕೊಟ್ಟಾಗ ನಾನು ಕ್ಯಾಮರಾ ಹಿಂದೆಯೇ ನಿಂತಿದ್ದೆ. ಪೇಚ್ಚಿಯಮ್ಮಾಳ್ ಆಗಲಿ ಎಂದರು. ಹೇಳಿದ್ದು ನಿಜವಾದರೆ ಮುಂದಿನ ಮಾತು, ಬಡಾಯಿಯಾದರೆ ಈ ವಿಷಯ ಇಲ್ಲಿಗೇ ಮುಗಿಯಿತು ಎಂದರು.

ಹಾಗಾಗಿ ಮಧ್ಯಾಹ್ನದ ಆಟಕ್ಕೆ ಅವರನ್ನು ನನ್ನ ಮತ್ತು ಅಂಜಲೈಯ ನಡುವೆ ಕೂರಿಸಿಕೊಂಡೆ. ಅಂಜಲೈಯ ಆಚೆ ತೇನ್‌ಮೊಳಿ, ಹಿಂದಿನ ಸಾಲಿನಲ್ಲಿ ನಮ್ಮ ಗುಂಪು. ಪೇಚ್ಚಿಯಮ್ಮಾಳ್ ಕೂತ ರೀತಿ ನೋಡಿದರೆ ರೇಷನ್ ಅಕ್ಕಿ ಪರೀಕ್ಷೆಗೆ ಬಂದವರ ಹಾಗಿತ್ತು. ಹಳೆಯ ಅಣೆಕಟ್ಟು ಅವರಿಗೆ ಬಾಯಿಪಾಠ ಎಂದು ಆಗ ತಿಳಿಯಿತು. ಅಂಬಾಸಮುದ್ರದ ಟೂರಿಂಗ್ ಟಾಕೀಸಿನಲ್ಲಿ ಲಂಗ ಉಡುವ ವಯಸ್ಸಿನಲ್ಲಿ ನೋಡಿದ್ದಂತೆ, ಡೇರೆ ಕಿತ್ತುಕೊಂಡು ಹೋಗುವವರೆಗೂ ನೋಡಿದ್ದಂತೆ.

ಚಿತ್ರ ಶುರುವಾಯಿತು. ನಾವು ಸಿನಿಮಾ ನೋಡುವ ರೀತಿಯೇ ಬೇರೆ. ನಡುವೆ ನಿಂತು ಮಾತಾಡುವವರನ್ನು ಬಿಟ್ಟು ಬದಿಗೆ, ಹಿಂದಕ್ಕೆ, ಕಂಬದ ಮರೆಗೆ ಕಣ್ಣು ಹಾಕುತ್ತೇವೆ. ಹೀರೋ ತಂದೆಯ ಫೋಟೋ ಮುಂದೆ ಶಪಥ ಮಾಡುತ್ತಿದ್ದಾಗ ಹಿಂದಿನ ಸಾಲಿನಿಂದ ದೊರೈಕಣ್ಣು ಅಣ್ಣ ಕೂಗಿದ, “ಕಿಟಕಿ ಆಚೆ ಸೈಕಲ್ ತಳ್ಕೊಂಡು ಹೋಗ್ತಿರೋದು ನಾನು.” ನಮ್ಮವರೆಲ್ಲ ಚಪ್ಪಾಳೆ ತಟ್ಟಿದರು. ಇದೇನು ಗಲಾಟೆ ಎಂದು ಪೇಚ್ಚಿಯಮ್ಮಾಳ್ ನನ್ನನ್ನು ಕೇಳಿದರು. ಹೇಳಿದೆ. ಅವರು ಮತ್ತೆ ಪರದೆಯ ಕಡೆ ತಿರುಗಿದರು.

ಅವರ ಸಿಟ್ಟೆಲ್ಲ ಆಗ ಚಿತ್ರದ ಮೇಲಿತ್ತು. ಹಳೆಯದರಲ್ಲಿ ಅಣೆಕಟ್ಟಿನಲ್ಲಿ ಮೊದಲು ಕೂದಲೆಳೆಯಷ್ಟು ಬಿರುಕು ಬಿಡುತ್ತದಂತೆ, ಆ ಬಿರುಕಿನಿಂದ ಒಂದು ಹನಿ ಬೀಳುವುದನ್ನು ನೋಡಿಯೇ ಇಡೀ ಡೇರೆ ಉಸಿರು ಹಿಡಿಯುತ್ತಿತ್ತಂತೆ. ಇಲ್ಲಿ ಅಣೆಕಟ್ಟು ದೀಪಾವಳಿಯ ಲಕ್ಷ್ಮಿ ಪಟಾಕಿಯ ಹಾಗೆ ಸಿಡಿಯಿತು. ಕಂಪ್ಯೂಟರಿನಲ್ಲಿ ಮಾಡಿದ ನೀರು ಸೋಪಿನ ನೊರೆಯಂತೆ ಉಬ್ಬಿಕೊಂಡು ಬಂತು. ಮುಂದಿನ ಸಾಲಿನ ಹುಡುಗರು ಗೇಲಿಯ ಕೂಗು ಹಾಕಿದರು. ಪೇಚ್ಚಿಯಮ್ಮಾಳ್ ಕೈಚೀಲ ತೊಡೆಯ ಮೇಲೆಳೆದುಕೊಂಡರು, ಹೊರಡುವವರ ಹಾಗೆ.

ನಾನು ಅವರ ಕಿವಿಯಲ್ಲಿ ಹೇಳಿದೆ, “ಆ ದೊಡ್ಡ ಅಲೆ ಬಿಡಿ ಅಮ್ಮ. ಕೆಳಗಡೆ ಸಂತೆ ನೋಡಿ. ಅಲ್ಲಿರೋದು ಟ್ಯಾಂಕರ್ ನೀರು. ಮಾರ್ಗಳಿ ತಿಂಗಳ ಚಳಿಯಲ್ಲಿ, ಬೆಳಗಾಗೋ ಮುಂಚೆ ಸುರಿದಿದ್ದು. ಆ ನಡುಕ ಯಾರೂ ಹೇಳಿಕೊಟ್ಟಿದ್ದಲ್ಲ.”

ಅವರು ಮುಂದಕ್ಕೆ ಬಾಗಿದರು. “ಅಯ್ಯೋ, ಹಲ್ಲು ಕಟಕಟ ಅಂತಿದೆ,” ಎಂದರು. ಕೈಚೀಲ ಮತ್ತೆ ಕೆಳಗೆ ಹೋಯಿತು. ಅಲ್ಲಿಂದ ಅವರ ಕಣ್ಣೂ ಬದಿಗೆ ತಿರುಗಿತು.

ಸಂತೆಯಲ್ಲಿ ಕೆಂಪು ಸೀರೆಯ ಅಂಜಲೈ ಬದನೆಕಾಯಿ ಬುಟ್ಟಿಯ ಸಮೇತ ಕೊಚ್ಚಿಕೊಂಡು ಹೋದಳು. ನಮ್ಮವರು ಶಿಳ್ಳೆ ಹಾಕಿದರು. ಸ್ವಲ್ಪ ಹೊತ್ತಿಗೆ ಒಂದು ಬಸ್ಸು ಮುಳುಗಿತು. ಅದರ ಕಿಟಕಿಯಲ್ಲಿ ನೀಲಿ ಸೀರೆ ಉಟ್ಟು ಅಂಜಲೈಯೇ ಮುಳುಗಿದಳು. ಆಮೇಲೆ ಹಸಿರು ಸೀರೆಗೆ ಹಳದಿ ಅಂಚು, ಎದೆಗೆ ಅವಚಿಕೊಂಡ ಮಗು, ಸೇತುವೆಯ ಕಡೆಗೆ ಓಡಿ ಬಂದವಳೂ ಅಂಜಲೈ.

“ಇವರು ಆಗ್ಲೇ ಎರಡು ಸಲ ಸತ್ರಲ್ಲ?” ಎಂದರು ಪೇಚ್ಚಿಯಮ್ಮಾಳ್.

ಅಂಜಲೈ ಮುದುಡಿಕೊಂಡಳು. ನಾನು ಬಿಡಿಸಿ ಹೇಳಿದೆ. ಸಾಯುವ ಜಾಗ ಜಾಸ್ತಿ, ಜನ ಕಡಿಮೆ. ಚೆನ್ನಾಗಿ ಸಾಯುವವರಿಗೆ ಸೀರೆ ಬದಲಿಸಿ ಮತ್ತೆ ಸಾಯಿಸುತ್ತಾರೆ. ಪೇಚ್ಚಿಯಮ್ಮಾಳ್‌ಗೆ ನಗು ಬಂತು. ಸೆರಗು ಬಾಯಿಗೆ ಅಡ್ಡ ಹಿಡಿದರೂ ಕುರ್ಚಿ ಅಲುಗುವಷ್ಟು ನಕ್ಕರು. ತೇನ್‌ಮೊಳಿ ನನ್ನ ಕಡೆ ನೋಡಿದಳು. ಅವಳ ಮುಖ ಅರಳಿತ್ತು. ಇನ್ನು ಬರಬೇಕಾದದ್ದು ಆ ದೃಶ್ಯ.

ಸೇತುವೆಯ ಈಚೆ ಅಂಜಲೈ, ಆಚೆ ಹೀರೋ. ಅವನು ತಲೆ ಎತ್ತಿ ನೋಡಿದ. ಅಷ್ಟಕ್ಕೆ ಹಾಡು ಶುರುವಾಯಿತು. ಹೀರೋಯಿನ್ ಹಿಮದ ಗುಡ್ಡದ ಮೇಲೆ ಕುಣಿದಳು. ಹಾಡು ಮುಗಿದಾಗ ಮಗು ಹೀರೋ ಕೈಯಲ್ಲಿತ್ತು. ಅಂಜಲೈ ಎಲ್ಲೂ ಇಲ್ಲ.

ಕತ್ತರಿಸಿಬಿಟ್ಟಿದ್ದರು. ಅಂಜಲೈ ಮಡಿಲು ನೋಡುತ್ತ ಕೂತಳು. ತೇನ್‌ಮೊಳಿ ಅಮ್ಮನ ಕೈ ಹಿಡಿದುಕೊಂಡಳು. ನಾನು ಸಾಕ್ಷಿ ಹೇಳಬಹುದಿತ್ತು, ಆದರೆ ಏಜೆಂಟಿನ ಸಾಕ್ಷಿಗೆ ಬೆಲೆ ಎಷ್ಟು ಎಂದು ನನಗೆ ಗೊತ್ತು.

ಪೇಚ್ಚಿಯಮ್ಮಾಳ್ ಎದ್ದು ನಿಂತರು. ಮುಗಿಯಿತು ಎಂದುಕೊಂಡೆ. ಹಿಂದಿನಿಂದ ಯಾರೋ ಕೂತ್ಕೊಳ್ಳಮ್ಮ ಎಂದು ಗದರಿದರು. ಅವರು ತಿರುಗಿ ನೋಡಲಿಲ್ಲ. ಪರದೆಗೆ ಬೆರಳು ತೋರಿಸಿ, ಚಿತ್ರ ತೆಗೆದವಳೇ ನಾನು ಎನ್ನುವ ಹಾಗೆ ನನ್ನನ್ನು ಕೇಳಿದರು, “ಮಗು ಇವನ ಕೈಗೆ ಹೆಂಗೆ ಬಂತು? ಹಳೇದ್ರಲ್ಲಿ ಒಬ್ಬ ತಾಯಿ ಬಂದು ಕೊಡ್ತಾಳೆ. ಕೊಟ್ಟು, ಒಂದ್ಸಲ ಮಗು ಪಾದ ಮುಟ್ಟಿ ನೋಡ್ತಾಳೆ. ಅಲ್ಲೇ ನಾನು ಪ್ರತಿ ಸಲ ಅಳ್ತಿದ್ದಿದ್ದು. ಆ ತಾಯಿ ಎಲ್ಲಿ?”

“ಅದು ನಾನೇ ಅಮ್ಮ,” ಎಂದಳು ಅಂಜಲೈ. “ಪಾದಾನೂ ಮುಟ್ಟಿದ್ದೆ. ತೆಗ್ದುಬಿಟ್ಟಿದ್ದಾರೆ.”

ಪೇಚ್ಚಿಯಮ್ಮಾಳ್ ಕೂತರು. ಪರದೆಯ ಮೇಲೆ ಹೀರೋ ಮಗುವನ್ನು ಎತ್ತಿಕೊಂಡು ಮನೆಯ ಮಾಡಿನಿಂದ ಮಾಡಿಗೆ ಹಾರುತ್ತಿದ್ದ. ಅವರು ಉದ್ದಿನಬೇಳೆಯಲ್ಲಿ ಕಲ್ಲು ಹುಡುಕುವವರ ಹಾಗೆ ಕಣ್ಣು ಕಿರಿದು ಮಾಡಿಕೊಂಡು ನೋಡಿದರು. ಆಮೇಲೆ ನನ್ನ ಮೊಣಕೈಗೆ ಜೋರಾಗಿ ತಿವಿದರು.

“ಮಗುಗೆ ಸುತ್ತಿರೋ ಬಟ್ಟೆ ನೋಡಿ. ಹಸಿರು ಬಟ್ಟೆ, ಹಳದಿ ಅಂಚು. ಈಗ ತಾನೆ ಓಡಿಬಂದ್ರಲ್ಲ, ಅದೇ ಸೀರೆ ಸೆರಗು. ಹರಿದು ಸುತ್ತಿಕೊಟ್ಟಿದ್ದಾರೆ.”

ಹೌದು. ಅಂದು ಡೈರೆಕ್ಟರ್ ಸೆರಗು ಹರಿಯಲು ಹೇಳಿದ್ದ. ಅಂಜಲೈಯನ್ನು ಕತ್ತರಿಸಿದವರಿಗೆ ಆ ಬಟ್ಟೆಯನ್ನು ಕತ್ತರಿಸಲು ಆಗಿರಲಿಲ್ಲ, ಚಿತ್ರ ಮುಗಿಯುವವರೆಗೂ ಅದು ಹೀರೋನ ಎದೆಯ ಮೇಲೇ ಇತ್ತು. ಮಾತು ಸಾಲಿನಿಂದ ಸಾಲಿಗೆ ಹೋಯಿತು. ಅಲ್ಲಿಂದ ಮುಂದೆ ಹೀರೋ ಮಗುವಿನೊಂದಿಗೆ ಕಂಡಾಗಲೆಲ್ಲ ನಾವು ಸೆರಗಿಗೆ ಚಪ್ಪಾಳೆ ತಟ್ಟಿದೆವು. ಹೀರೋನ ಅಭಿಮಾನಿಗಳು ತಮ್ಮವನಿಗೇ ಎಂದುಕೊಂಡು ಹುರುಪಿನಿಂದ ನಮಗಿಂತ ಜೋರಾಗಿ ತಟ್ಟಿದರು. ಕೂಗು ಹಾಕುತ್ತಿದ್ದ ಹುಡುಗರೂ ಕುರ್ಚಿ ಬಡಿದರು. ಬೆಳಗಿನಿಂದ ಬೈಸಿಕೊಂಡ ಚಿತ್ರಕ್ಕೆ ಮೊದಲ ಸಲ ಥಿಯೇಟರ್ ಗುಡುಗಿತು.

ಕೊನೆಯಲ್ಲಿ ನೀರಿಳಿದ ಮೇಲೆ ಶಾಲೆಯೊಂದರಲ್ಲಿ ಬದುಕುಳಿದವರಿಗೆ ಗಂಜಿ ಹಾಕುತ್ತಾರೆ. ಹೀರೋ ಊರಿನವರಿಗೆ ಉಪದೇಶ ಮಾಡುತ್ತಿದ್ದ. ಪೇಚ್ಚಿಯಮ್ಮಾಳ್ ಮೂಲೆಯ ಹಂಡೆಯ ಕಡೆ ಕೈ ಚಾಚಿ ಇಡೀ ಥಿಯೇಟರಿಗೆ ಕೇಳುವಂತೆ ಹೇಳಿದರು, “ಬದುಕಿದ್ದಾರೆ. ಸಂತೇಲಿ ಸತ್ತ ಕೆಂಪು ಸೀರೆ. ಸೌಟು ಹಿಡ್ಕೊಂಡಿದ್ದಾರೆ ನೋಡಿ.”

ಹೊರಗೆ ಬಂದು ಟೀ ಕುಡಿಯುವಾಗ ಅವರ ಮುಖ ಮತ್ತೆ ಗಟ್ಟಿಯಾಯಿತು. ಅಂಜಲೈ ಗ್ಲಾಸು ಹಿಡಿದುಕೊಂಡೇ ನಿಂತಿದ್ದಳು, ಕುಡಿಯಲಿಲ್ಲ. ತಾನು ಹೇಳಿದಂತೆ ತೋರಿಸಲಾಗಲಿಲ್ಲ ಎಂದು ಶುರುಮಾಡಿದಳು. ಪೇಚ್ಚಿಯಮ್ಮಾಳ್ ತಡೆದರು.

“ಆ ಚಳಿ ನೀರಲ್ಲಿ ಎಷ್ಟು ಹೊತ್ತು ನಿಲ್ಲಿಸಿದ್ರು?”

“ಬಿಸಿಲು ಏರೋವರೆಗೂ.”

“ಇದೇ ಕೆಲಸದಲ್ಲೇ ಮಗಳನ್ನ ಓದಿಸಿದ್ದಾ?”

ಅಂಜಲೈ ತಲೆಯಾಡಿಸಿದಳು. ಪೇಚ್ಚಿಯಮ್ಮಾಳ್ ಅವಳ ಗ್ಲಾಸು ಮುಟ್ಟಿ ನೋಡಿ, ಆರಿದೆ ಎಂದು ಅಂಗಡಿಯವನಿಗೆ ಬೇರೆ ಟೀ ಕೊಡಲು ಹೇಳಿದರು.

“ಬಿಸಿ ಬಿಸಿ ಕುಡೀರಿ ಬೀಗಿತ್ತಿ,” ಎಂದರು. “ಇವತ್ತು ನಾನು ಬಲಗಡೆ ಮಾತ್ರ ನೋಡಿದ್ದು. ಎಡಗಡೆ ಯಾರ‍್ಯಾರು ಕೊಚ್ಚಿಕೊಂಡು ಹೋದ್ರೋ ಗೊತ್ತೇ ಆಗ್ಲಿಲ್ಲ. ಏಜೆಂಟಮ್ಮ, ಮುಂದಿನ ಆಟಕ್ಕೆ ಸೀಟ್ ಸಿಗುತ್ತಾ ಕೇಳಿ.”

ತೇನ್‌ಮೊಳಿ ಆಗಲೇ ಗೋಡೆಯ ಕಡೆ ತಿರುಗಿ ಫೋನಿನಲ್ಲಿ ಕದಿರವನ್ ಜೊತೆ ಪಿಸುಗುಡುತ್ತಿದ್ದಳು. ನಾನು ಕೌಂಟರಿಗೆ ಓಡಿದೆ. ಒಳಗಿದ್ದವನು ನನ್ನನ್ನು ಮೇಲಿಂದ ಕೆಳಗೆ ನೋಡಿ, ಬೇರೆ ಸ್ಕ್ರೀನಿನಲ್ಲಿ ಒಳ್ಳೆಯ ಚಿತ್ರ ಇದೆ ಎಂದ. ಬೇಡಪ್ಪ, ಇದೇ ಬೇಕು, ಹುಡುಗನಿಗೂ ಸೇರಿಸಿ ಕೊಡು ಎಂದೆ.