ಐದನೆಯ ಅಧ್ಯಾಯ

ಐರೋಲಿಯ ಕನ್ನಡ ಸಭೆಯಲ್ಲಿ ಆರಾಧನೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಪಾಸ್ಟರರು ಅಂಬಾರಾಯನ ಕೈಯಲ್ಲೊಂದು ಬೈಬಲ್ ಇಟ್ಟರು. "ದಿನಾ ಒಂದು ಅಧ್ಯಾಯ ಓದ್ರಿ. ಮತ್ತಾಯನ ಸುವಾರ್ತೆಯಿಂದ ಶುರು ಮಾಡ್ರಿ. ಒಂದಿನಾನೂ ಬಿಡಬ್ಯಾಡ್ರಿ."

ಕಟ್ಟಡ ಕೆಲಸಕ್ಕೆ ವಲಸೆ ಬಂದ ಅಂಬಾರಾಯ ಕಲಬುರಗಿ ಕಡೆಯ ಹಳ್ಳಿಶಾಲೆಯಲ್ಲಿ ಏಳನೆಯ ಇಯತ್ತೆವರೆಗೆ ಓದಿದವನು. ಹೆಂಡತಿ ಚಂದ್ರಬಾಯಿಗೆ ಅಕ್ಷರ ಬಾರದು. ಅವನು ಹೂಂ ಅನ್ನುವ ಮೊದಲೇ ಅವಳು ಹೇಳಿದಳು: "ಓದ್ತಾರ್ರಿ. ನಾ ಕುಂದ್ರಸ್ತೀನಿ."

ಹೇಳಿದಂತೆಯೇ ಕೂರಿಸಿದಳು. ಬೆಳಿಗ್ಗೆ ಐದಕ್ಕೆ, ನಲ್ಲಿಗೆ ನೀರು ಬರುವ ಮೊದಲು, ಅವಳು ರೊಟ್ಟಿ ಬಡಿಯುತ್ತಿದ್ದರೆ ಅವನು ಸಾಲಿನ ಕೆಳಗೆ ಬೆರಳಿಟ್ಟು ಗಟ್ಟಿಯಾಗಿ ಓದುವನು. ಮೊದಲ ದಿನ ವಂಶಾವಳಿಯ ಮುತ್ತಾತಂದಿರ ಹೆಸರುಗಳಲ್ಲಿ ಅವನ ನಾಲಿಗೆ ತೊಡರಿ ಇಬ್ಬರೂ ನಕ್ಕರು. ನಾಲ್ಕನೆಯ ದಿನ, ಬಲೆ ಬಿಟ್ಟು ಕರೆದವನ ಹಿಂದೆ ಹೊರಟ ಮೀನುಗಾರರ ಕಥೆಗೆ ಅವಳು ರೊಟ್ಟಿ ಮರೆತು ಕೂತಳು.

ಐದನೆಯ ದಿನ ಅವನ ಬೆರಳು ಅಧ್ಯಾಯದ ನಡುವೆ ನಿಂತುಬಿಟ್ಟಿತು. ದೇವರಿಗೆ ಕಾಣಿಕೆ ಕೊಡಲು ಬಂದಾಗ, ತಮ್ಮನಿಗೆ ನಿನ್ನಿಂದ ನೋವಾಗಿದೆ ಎಂಬುದು ನೆನಪಾದರೆ ಕಾಣಿಕೆ ಅಲ್ಲೇ ಬಿಡು, ಮೊದಲು ಹೋಗಿ ಅವನೊಡನೆ ಸರಿಮಾಡಿಕೋ ಎಂಬ ಅರ್ಥದ ಮಾತು. ಅವನು ಪುಸ್ತಕ ಮುಚ್ಚಿದ. "ಸೈಟಿಗೆ ಹೊತ್ತಾತು."

ಮರುದಿನ ಸಿಮೆಂಟ್ ಬಿದ್ದು ಕಣ್ಣು ಉರಿಯುತ್ತದೆ ಎಂದ. ಅದರ ಮರುದಿನ ಚಂದ್ರಬಾಯಿ ಪುಸ್ತಕ ತಂದು ಮುಂದಿಟ್ಟಳು. ಅವನು ಹಾಳೆ ಹಿಂದಕ್ಕೆ ತಿರುವಿ ಗಡಬಡಿಸಿ ಓದತೊಡಗಿದ. ರೊಟ್ಟಿ ಬಡಿಯುತ್ತಿದ್ದ ಅವಳ ಕೈ ನಿಂತಿತು.

"ಇದು ಓದೀರಲ್ರಿ. ಮೀನುಗಾರ ಅಣ್ಣತಮ್ಮರದು."

"ಇವರು ಬ್ಯಾರೆಯವರು."

"ಹೆಸರೂ ಅವೇ ಅದಾವು."

"ನಿನಗೇನ್ ಗೊತ್ತಾಗ್ತದ?" ಎಂದು ಅವನು ಪುಸ್ತಕವನ್ನು ನೆಲಕ್ಕೆ ಬಡಿದಿಟ್ಟ. ಅವಳು ಹಿಟ್ಟಿನ ಕೈ ಒರೆಸಿಕೊಂಡು, ಪುಸ್ತಕ ಎತ್ತಿ ಮತ್ತೆ ಅವನ ಮುಂದೆ ಹಿಡಿದಳು. "ಎಲ್ಲಿ ನಿಂತೀರಿ? ಆ ಸಾಲು ತೋರಸ್ರಿ."

ಗೋಡೆಯಾಚೆ ಯಾರದೋ ಕೊಡ ಸದ್ದು ಮಾಡಿತು. ನಲ್ಲಿಯ ಸರದಿ ಶುರುವಾಗಿತ್ತು. ಅವಳು ಕದಲಲಿಲ್ಲ. ಅವನು ಬೆರಳಿಟ್ಟು ತೋರಿಸಿದ, ತಗ್ಗಿದ ದನಿಯಲ್ಲಿ ಓದಿದ.

ಅವಳು ಪುಸ್ತಕ ಕೆಳಗಿಟ್ಟಳು. ಆಮೇಲೆ ಕೇಳಿದಳು: "ಆವತ್ತ ಭೀಮು ಕುಡದಿದ್ದನೋ ಇಲ್ಲೋ?"

ಹದಿನಾಲ್ಕು ತಿಂಗಳು ಅಂಬಾರಾಯ ಅಂಜುತ್ತ ಬಂದದ್ದು ಈ ಪ್ರಶ್ನೆಗೇ. ತಮ್ಮ ಭೀಮು ಅವನ ಗ್ಯಾಂಗಿನಲ್ಲೇ ಇದ್ದ, ಅಂಬಾರಾಯ ಅದರ ಮೇಲಾಳು, ಮುಕಾದಮ. ಆ ದಿನ ಮೂರನೆಯ ಮಾಳಿಗೆಯ ಗೋಡೆಗೆ ಕಟ್ಟಿದ ಬಿದಿರಿನ ಪರಾಂಚಿ ಅಟ್ಟಣೆಯ ಹಗ್ಗ ಜಗ್ಗಿ ನೋಡಿ ಭೀಮು, "ಯಣ್ಣಾ, ಇದು ಸವದು ಹೋಗ್ಯಾದ, ಬದಲಿ ಮಾಡಸು" ಎಂದಿದ್ದ. ಹೊಸ ಹಗ್ಗ ಬರುವಷ್ಟರಲ್ಲಿ ಮಧ್ಯಾಹ್ನವಾಗುತ್ತಿತ್ತು. "ಅಂಜುಬುರಕನಂಗ ಮಾಡಬ್ಯಾಡ, ಹತ್ತು" ಎಂದ ಅಂಬಾರಾಯ. ಅಣ್ಣನ ಮಾತೆಂದು ಭೀಮು ಹತ್ತಿದ, ಬಿದ್ದ. ಬಲಗಾಲು ಎರಡು ಕಡೆ ಮುರಿಯಿತು. ಇಂಜಿನಿಯರ್ ಸಾಹೇಬ ಹೇಗಾಯಿತೆಂದು ಕೇಳಿದಾಗ ಅಂಬಾರಾಯನ ಬಾಯಿಂದ ಬಂದದ್ದು, "ಕುಡಿದು ಹತ್ತಿದ್ದ, ಸಾಹೇಬ." ಹೆಂಡ ಮೂಸಿಯೂ ನೋಡದವನ ಹೆಸರಿನ ಮುಂದೆ ಅಪಘಾತದ ಕಾಗದದಲ್ಲಿ ಅದೇ ದಾಖಲಾಯಿತು. ಹಗ್ಗದ ಮಾತನ್ನು ಯಾರೂ ಎತ್ತಲಿಲ್ಲ. ಚಂದ್ರಬಾಯಿಗೂ ಅವನು ಹೇಳಿದ್ದು ಅದನ್ನೇ.

"ಇಲ್ಲ," ಎಂದ ಅಂಬಾರಾಯ. "ಕುಡದಿರಲಿಲ್ಲ."

ಹಂಚಿನ ಮೇಲೆ ರೊಟ್ಟಿ ಕರಕಾಗಿ ಹೊಗೆ ಎದ್ದಿತು. ಅವಳು ಒಲೆ ಆರಿಸಿ, ಬೆನ್ನು ತಿರುಗಿಸಿಯೇ ಹೇಳಿದಳು: "ದವಾಖಾನಿ ಬಾಗಿಲದಾಗ ದಾನೇಶ್ವರಿಗಿ ನಾ ಬೈದೀನಿ. ಕುಡುಕನ್ನ ಕಟ್ಟಿಕೊಂಡು ನಮ್ಮ ಮಾನ ಕಳದಿ ಅಂದೀನಿ. ಆಕಿ ಭೀಮುನ ಮುರದ ಕಾಲ ಹಿಡಕೊಂಡು ಕುಂತಿದ್ದಳು."

ಅಂದು ಭಾನುವಾರ; ಅವನು ಸಭೆಗೆ ಹೋಗದೆ ತಮ್ಮನಿದ್ದ ಠಾಣೆ ಊರಿನ ರೈಲು ಹತ್ತಿದ. ಚಂದ್ರಬಾಯಿ ಬರಲಿಲ್ಲ. "ಮೊದಲ ನೀವ ಹೋಗ್ರಿ," ಎಂದಿದ್ದಳು ಅಷ್ಟೇ. ಸ್ಟೇಷನ್ನಿನಿಂದ ಕೋಪರಿ ಬಡಾವಣೆಗೆ ಹತ್ತು ನಿಮಿಷದ ದಾರಿ. ಅವನಿಗೆ ಅರ್ಧ ತಾಸು ಹಿಡಿಯಿತು. ಎರಡು ಸಲ ಹಿಂದಕ್ಕೆ ಹೊರಳಿ ಮತ್ತೆ ಬಂದ.

ಭೀಮು ಒಂದು ಹಳೆಯ ಹೌಸಿಂಗ್ ಸೊಸೈಟಿಯ ಗೇಟಿನಲ್ಲಿ ವಾಚಮನ್. ಅಣ್ಣನನ್ನು ಕಂಡು ಏಳಲಿಲ್ಲ. "ಕುಂದರಲಾಕ ಇನ್ನೊಂದ ಖುರ್ಚಿ ಇಲ್ಲ," ಎಂದ.

ಅಂಬಾರಾಯ ನಿಂತೇ ಹೇಳಿದ. ಹಗ್ಗದ ಮಾತು, ಸುಳ್ಳಿನ ಮಾತು, ಹೆಂಡತಿಗೂ ಮುಚ್ಚಿಟ್ಟ ಮಾತು. ನಡುವೆ ಒಂದು ಕಾರು ಹಾರ್ನ್ ಹೊಡೆಯಿತು. ಭೀಮು ಎದ್ದು, ಕಾಲು ಎಳೆಯುತ್ತ ಹೋಗಿ ಗೇಟು ತೆರೆದು, ಮುಚ್ಚಿ, ಮತ್ತೆ ಎಳೆಯುತ್ತ ಬಂದು ಕೂತ. ಆ ಹತ್ತು ಹೆಜ್ಜೆಯನ್ನು ಅಂಬಾರಾಯ ಪೂರ್ತಿ ನೋಡಿದ.

"ತಪ್ಪಾಗ್ಯಾದ, ಭೀಮು."

"ನನಗ ಗೊತ್ತಿದ್ದದ್ದ ನನಗ ಬಂದು ಹೇಳ್ತಿ," ಎಂದ ಭೀಮು. "ಗೊತ್ತಿಲ್ಲದವರಿಗಿ ಹೇಳು."

ಆ ರಾತ್ರಿ ಅಂಬಾರಾಯ ಅನ್ನ ಮುಟ್ಟಲಿಲ್ಲ. ಸೋಮವಾರ ಬೆಳಿಗ್ಗೆ ಹಾಜರಿ ಕೂಗುವ ಹೊತ್ತಿಗೆ, ಗ್ಯಾಂಗಿನ ಹನ್ನೆರಡು ಮಂದಿ ಮತ್ತು ಸಾಹೇಬನ ಎದುರು, ತನಗೆ ಬಂದ ಹಿಂದಿಯಲ್ಲಿ ಎಲ್ಲ ಹೇಳಿದ. ಸಾಹೇಬ ಹಳೆಯ ಮಾತೆಂದು ತಳ್ಳಿಹಾಕಲು ನೋಡಿದ. ಅಂಬಾರಾಯ ಜಾಗ ಬಿಟ್ಟು ಕದಲದಿದ್ದಾಗ, "ಹಾಗಾದರೆ ಬರೆದು ಕೊಡು. ಮುಕಾದಮನ ಕೆಲಸ ಇವತ್ತಿಗೆ ಮುಗಿಯಿತು," ಎಂದ. ಬರೆದುಕೊಟ್ಟ. ಅದರಿಂದ ಭೀಮುಗೆ ಏನಾದರೂ ಪರಿಹಾರ ಸಿಕ್ಕೀತೋ ಇಲ್ಲವೋ ಯಾರಿಗೂ ಗೊತ್ತಿರಲಿಲ್ಲ. ಗ್ಯಾಂಗಿನವನೇ ಆದ ಮುರಾರಿ ಮುಕಾದಮನಾದ. ನಲವತ್ತಾರರ ಅಂಬಾರಾಯ ಮತ್ತೆ ಇಟ್ಟಿಗೆ ಹೊರತೊಡಗಿದ.

ಮಂಗಳವಾರ ಐದಕ್ಕೆ ಅವನೇ ಪುಸ್ತಕ ತೆಗೆದುಕೊಂಡು ಕೂತ. ಮೂರು ದಿನದಿಂದ ಸರಿಯಾಗಿ ಮಾತಾಡದಿದ್ದ ಚಂದ್ರಬಾಯಿ ಬಂದು ಎದುರು ಕೂತಳು. ಐದನೆಯ ಅಧ್ಯಾಯವನ್ನು ಅವನು ಮೊದಲಿನಿಂದ ಕೊನೆಯವರೆಗೆ ಓದಿದ.

ಆಮೇಲೂ ದಿನ ತಪ್ಪಿದವು. ಮೈಕೈ ನೋವಿಗೆ ಏಳಲಾಗದೆ ಮೂರು ದಿನ, ಜ್ವರದಲ್ಲಿ ಎರಡು ದಿನ. ಭೀಮು ಬರಲೂ ಇಲ್ಲ, ಫೋನ್ ಮಾಡಲೂ ಇಲ್ಲ. ಮತ್ತಾಯ ಮುಗಿಯುತ್ತ ಬಂದಾಗ ಒಂದು ಬೆಳಿಗ್ಗೆ ಚಂದ್ರಬಾಯಿ ತಾನೇ ನೆಗೆಣ್ಣಿ ದಾನೇಶ್ವರಿಗೆ ಫೋನ್ ಹಚ್ಚಿ ಹೊರಗೆ ಹೋದಳು. ನೀರು ಬಂದು ಹೋಯಿತು. ಕೊಡಗಳನ್ನು ಅಂಬಾರಾಯನೇ ತುಂಬಿಸಿದ. ಒಳಗೆ ಬಂದಾಗ ಅವಳ ಕಣ್ಣುಗಳು ಕೆಂಪಾಗಿದ್ದವು.

"ಏನಂದಳು?"

"ಬೈದಳು. ಮನಸಾರೆ ಬೈದಳು. ಕೇಳ್ಕೊಂಡ ನಿಂತೆ." ಅವಳು ಸೆರಗಿನಿಂದ ಮುಖ ಒರೆಸಿದಳು. "ಫೋನ್ ಇಡೋ ಮುಂದ, ಮತ್ತ ಮಾಡು ಅಂದಳು."